ಛಾಯಾಚಿತ್ರದ ಮೇಲೆ ಪ್ರಯೋಗ: ಗಿಂಪ್ ತಂತ್ರಾಂಶದಲ್ಲಿ ಪದರ, ಮುಸುಕು ಮತ್ತು ಮೂಲಚಿತ್ರ

ಪ್ರೌಢಶಾಲೆಯ ಮಾಹಿತಿ ತಂತ್ರಜ್ಞಾನದ ಪಾಠಗಳಲ್ಲಿ ಮಕ್ಕಳಿಗೆ ಬೇಗನೆ ಒಲಿಯುವುದು ಚಿತ್ರಸಂಸ್ಕರಣೆ. ಹೆಚ್ಚಿನವರು ಮನೆಯ ಮೊಬೈಲಿನಲ್ಲಿ ಅದರ ರುಚಿಯನ್ನು ಈಗಾಗಲೇ ಕಂಡಿರುತ್ತಾರೆ. ಒಂದು ಗುಂಡಿಯನ್ನು ಒತ್ತಿದರೆ ಮುಖವು ಪೆನ್ಸಿಲ್ ಚಿತ್ರವಾಗುತ್ತದೆ. ಇನ್ನೊಂದನ್ನು ಒತ್ತಿದರೆ ಬೇಕಲ ಕೋಟೆಯ ಮೇಲಿನ ಆಕಾಶ ಕೆಂಪೇರುತ್ತದೆ. ಆ ಗುಂಡಿಯ ಹಿಂದೆ ನಡೆದದ್ದೇನೆಂದು ಕೇಳಿದರೆ ಮಾತ್ರ ತರಗತಿ ಮೌನವಾಗುತ್ತದೆ. ಗುಂಡಿ ಒತ್ತುವುದನ್ನು ಕಲಿಸಲು ಶಾಲೆ ಬೇಕಾಗಿಲ್ಲ. ಪರಿಣಾಮವೊಂದನ್ನು ತಾನೇ ಕಟ್ಟುವುದು ಹೇಗೆ, ಹಾಗೆ ಕಟ್ಟುವಾಗ ಮೂಲಚಿತ್ರಕ್ಕೆ ಹಾನಿಯಾಗದಂತೆ ನೋಡಿಕೊಳ್ಳುವುದು ಹೇಗೆ, ಯಾವ ಚಿತ್ರವನ್ನು ಮುಟ್ಟದೆ ಬಿಡಬೇಕು ಎಂಬ ಮೂರು ವಿಷಯಗಳನ್ನು ಕಲಿಸಲು ಮಾತ್ರ ಶಾಲೆ ಬೇಕು.

ಇದಕ್ಕೆ ಗಿಂಪ್ ತಂತ್ರಾಂಶ ಸಾಕು. ಕೇರಳದ ಶಾಲೆಗಳ ಗಣಕಯಂತ್ರಗಳಲ್ಲಿ ಅದು ಸಿದ್ಧವಾಗಿಯೇ ಇದೆ, ಪಠ್ಯಪುಸ್ತಕದಲ್ಲಿಯೂ ಬಳಕೆಯಲ್ಲಿದೆ. ವಿಂಡೋಸ್ ಇರುವ ಯಂತ್ರದಲ್ಲಿಯೂ ಅದನ್ನು ಹಾಕಿಕೊಳ್ಳಬಹುದು. ಅದು ಹುಟ್ಟಿದ್ದು ವಿದ್ಯಾರ್ಥಿಗಳ ಕೈಯಲ್ಲೇ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಅದನ್ನು ಆರಂಭಿಸಿದರು. ಮರುವರ್ಷ ಅದು ಸಾರ್ವಜನಿಕರಿಗೆ ದೊರೆಯಿತು. ಸ್ವತಂತ್ರ ತಂತ್ರಾಂಶವೆಂದರೆ ಬೆಲೆ ಇಲ್ಲದ್ದು ಎಂದಷ್ಟೇ ಅರ್ಥವಲ್ಲ. ಯಾವ ಉದ್ದೇಶಕ್ಕಾದರೂ ಬಳಸುವ, ಪ್ರತಿ ಮಾಡಿ ಹಂಚುವ, ಒಳಗಿನ ಬರಹವನ್ನು ಓದಿ ತಿದ್ದುವ ಹಕ್ಕು ಬಳಕೆದಾರನಿಗೆ ಇರುತ್ತದೆ. ಮಗು ಅದರ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದರೆ ಅದು ಕಳವಲ್ಲ. ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಗುವ ಎಷ್ಟೋ ಅನ್ವಯಗಳಿಗೆ ಈ ಮಾತು ಸಲ್ಲದು.

ಕನ್ನಡದಲ್ಲಿ ನಾಲ್ಕು ಮಾತು

ಗಿಂಪ್‌ನ ಪಟ್ಟಿಗಳು ನಮ್ಮ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ತೆರೆದುಕೊಳ್ಳುತ್ತವೆ. ಆಜ್ಞೆಯ ಹೆಸರನ್ನು ಹಾಗೆಯೇ ಹೇಳುವುದರಲ್ಲಿ ತೊಂದರೆಯಿಲ್ಲ. ಮಗು ಪರದೆಯ ಮೇಲೆ ಹುಡುಕಬೇಕಾದದ್ದು ಆ ಹೆಸರನ್ನೇ. ಆದರೆ ಅದರ ಹಿಂದಿನ ಕಲ್ಪನೆಯನ್ನು ಕನ್ನಡದಲ್ಲಿ ವಿವರಿಸದಿದ್ದರೆ ಪಾಠವು ಮಂತ್ರೋಚ್ಚಾರವಾಗಿಬಿಡುತ್ತದೆ. ನಾಲ್ಕು ಮಾತುಗಳು ಮೊದಲಿಗೆ ಸಾಕು. ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಬಿಂದುಗಳ ಜಾಲ. ಪ್ರತಿ ಬಿಂದುವಿನಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿರುತ್ತವೆ. ಒಂದೊಂದೂ ಸಾಮಾನ್ಯವಾಗಿ 0ಯಿಂದ 255ರವರೆಗೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ಲೇಯರ್ ಎಂದರೆ ಪದರ: ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇರಿಸಿದಂತೆ. ಮಾಸ್ಕ್ ಎಂದರೆ ಮುಸುಕು. ಬ್ಲರ್ ಎಂದರೆ ಮಸುಕು. ಕೊನೆಯ ಎರಡು ಮಾತುಗಳ ನಡುವೆ ಇರುವುದು ಒಂದು ಕೊಂಬಿನ ಅಂತರ. ತರಗತಿಯ ಗದ್ದಲದಲ್ಲಿ ಒಂದು ಇನ್ನೊಂದಾಗಿ ಕೇಳಿಸುವುದು ಸಹಜವಾದ್ದರಿಂದ ಎರಡನ್ನೂ ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದಿಡುವುದು ಒಳಿತು.

ಪರಿಣಾಮವೆಂದರೆ ಈ ಅಂಕಿಗಳ ಮೇಲೆ ನಡೆಯುವ ಲೆಕ್ಕ. ಅದಕ್ಕಿಂತ ಹೆಚ್ಚಿನ ಮಾಯೆ ಅಲ್ಲಿಲ್ಲ.

ಪೆನ್ಸಿಲ್ ಗೆರೆ ಎಲ್ಲಿಂದ ಬಂತು?

ಛಾಯಾಚಿತ್ರವನ್ನು ರೇಖಾಚಿತ್ರದಂತೆ ಕಾಣಿಸುವ ವಿಧಾನವನ್ನು ಮೊದಲ ಪ್ರಯೋಗವಾಗಿ ತೆಗೆದುಕೊಳ್ಳಬಹುದು. ಯಂತ್ರದ ಮುಂದೆ ಕೂರಿಸುವ ಮೊದಲು ಕರಿಹಲಗೆಯ ಮೇಲೆ ಆರು ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆಯಿರಿ: 200, 200, 200, 100, 100, 100. ಇದು ಬೆಳಕಾದ ಗೋಡೆಯೊಂದು ನೆರಳಿಗೆ ತಾಗುವ ಜಾಗದ ಆರು ಬಿಂದುಗಳೆಂದು ತಿಳಿಯೋಣ. ಪ್ರತಿ ಬಿಂದುವಿಗೂ ಅದರ ಮತ್ತು ಅದರ ಇಕ್ಕೆಲದ ನೆರೆಯ ಬಿಂದುಗಳ ಸರಾಸರಿಯನ್ನು ಮಕ್ಕಳು ತೆಗೆಯಲಿ. ತುದಿಯ ಬಿಂದುಗಳನ್ನು ಇದ್ದಂತೆಯೇ ಬಿಡಬಹುದು. ಆಗ ದೊರೆಯುವುದು 200, 200, 167, 133, 100, 100. ಇದೇ ಮಸುಕು, ಅಂಚು ಕರಗಿದೆ. ಈಗ ಮೊದಲ ಸಾಲಿನ ಅಂಕಿಯನ್ನು ಎರಡನೆಯ ಸಾಲಿನ ಅಂಕಿಯಿಂದ ಭಾಗಿಸಿ 255ರಿಂದ ಗುಣಿಸಬೇಕು. ಉತ್ತರ 255ನ್ನು ಮೀರಿದರೆ 255 ಎಂದೇ ಬರೆಯಬೇಕು. ಬಿಳಿಗಿಂತ ಬಿಳಿಯಾದದ್ದು ಇಲ್ಲ. ಫಲ: 255, 255, 255, 191, 255, 255.

ಐದು ಬಿಂದುಗಳು ಬಿಳಿಯ ಹಾಳೆಯಾದವು. ನಾಲ್ಕನೆಯದು ಮಾತ್ರ ಬೂದು ಗೆರೆಯಾಗಿ ಉಳಿಯಿತು. ಸುತ್ತಲಿನ ಸರಾಸರಿಗಿಂತ ಕಪ್ಪಾಗಿರುವ ಬಿಂದು ಮಾತ್ರ ಗೆರೆಯಾಗುತ್ತದೆ, ಸಮತಟ್ಟಾದುದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಮಗು ತನ್ನ ಕೈಯಾರೆ ಕಂಡಂತಾಯಿತು. ಗಣಿತದ ಶಿಕ್ಷಕರು ಅದೇ ತರಗತಿಯಲ್ಲಿದ್ದರೆ ಇನ್ನೂ ಸೊಗಸು.

ಗಿಂಪ್‌ನಲ್ಲಿ ಇದೇ ಲೆಕ್ಕ ಹೀಗೆ ನಡೆಯುತ್ತದೆ. ಚಿತ್ರವನ್ನು ತೆರೆದು, ಲೇಯರ್ ಪಟ್ಟಿಯಿಂದ ಪದರದ ಒಂದು ಪ್ರತಿಯನ್ನು ಮಾಡಿ ಮೂಲಪದರವನ್ನು ಕೆಳಗೆ ಹಾಗೆಯೇ ಬಿಡಬೇಕು. ಪ್ರತಿಯನ್ನು ಕಲರ್ಸ್ ಪಟ್ಟಿಯ ಡಿಸ್ಯಾಚುರೇಟ್ ಆಜ್ಞೆಯಿಂದ ಬಣ್ಣವಿಲ್ಲದ್ದಾಗಿ ಮಾಡಿ, ಅದರ ಇನ್ನೊಂದು ಪ್ರತಿಯನ್ನು ಮೇಲಿರಿಸಬೇಕು. ಈ ಮೇಲಿನ ಪದರಕ್ಕೆ ಕಲರ್ಸ್ ಪಟ್ಟಿಯ ಇನ್ವರ್ಟ್ ಆಜ್ಞೆ ಕೊಟ್ಟರೆ ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗಿ ತಿರುಗುತ್ತದೆ. ಅಲ್ಲಿಯೇ ಲೀನಿಯರ್ ಇನ್ವರ್ಟ್ ಎಂಬುದೊಂದಿದೆ. ಅದನ್ನು ಆರಿಸಿದರೆ ನಮ್ಮ ಲೆಕ್ಕ ಹೊಂದುವುದಿಲ್ಲ. ಬಳಿಕ ಫಿಲ್ಟರ್ಸ್ ಪಟ್ಟಿಯ ಗಾಸಿಯನ್ ಬ್ಲರ್‌ನಿಂದ ಮಸುಕು ಮಾಡಿ, ಪದರದ ಮೋಡ್ ಎಂಬಲ್ಲಿ ಡಾಡ್ಜ್ ಎಂದು ಆರಿಸಿದರಾಯಿತು. ಡಾಡ್ಜ್ ಎಂಬುದು ಕೆಳಗಿನ ಅಂಕಿಯನ್ನು, 255ರಲ್ಲಿ ಮೇಲಿನ ಅಂಕಿಯನ್ನು ಕಳೆದು ಉಳಿದುದರಿಂದ ಭಾಗಿಸುವ ಕ್ರಿಯೆ. ತಿರುಗಿಸಿದ ಪದರವನ್ನು ಕಳೆದಾಗ ಉಳಿಯುವುದು ಮಸುಕಾದ ಸರಾಸರಿಯೇ. ಕರಿಹಲಗೆಯ ಲೆಕ್ಕ ಪರದೆಯ ಮೇಲೆ ಬಂದಿತು.

ಪ್ರಯೋಗ ನಿಜವಾಗಿ ಆರಂಭವಾಗುವುದು ಇಲ್ಲಿಂದ. ಮಸುಕಿನ ಅಳತೆಯನ್ನು 2 ಅಥವಾ 3ಕ್ಕೆ ಇರಿಸಿದರೆ ಕೂದಲೆಳೆಯಂಥ ಗೆರೆ. 15, 20ಕ್ಕೆ ಏರಿಸಿದರೆ ಇದ್ದಿಲಿನಿಂದ ತೀಡಿದಂಥ ನೆರಳು. ಏಕೆಂದು ಮಕ್ಕಳೇ ಹೇಳಲಿ. ಮುರಕಲ್ಲಿನ ಗೋಡೆಯ ಮುಂದೆ ನಿಂತವನ ಚಿತ್ರಕ್ಕೆ ಈ ಪರಿಣಾಮ ಒಪ್ಪುವುದಿಲ್ಲ. ಕಲ್ಲಿನ ಒಂದೊಂದು ಗುಂಡಿಯೂ ಒಂದು ಗೆರೆಯಾಗಿ ಮನುಷ್ಯನೇ ಮರೆಯಾಗುತ್ತಾನೆ. ಯಕ್ಷಗಾನ ವೇಷಧಾರಿಯ ಕಿರೀಟ ಚೆನ್ನಾಗಿ ಬರುತ್ತದೆ, ಹಿನ್ನೆಲೆಯ ಪರದೆ ಬರಿದಾಗಿದ್ದರೆ. ಯಾವ ಚಿತ್ರಕ್ಕೆ ಯಾವ ಪರಿಣಾಮ ಎಂಬ ವಿವೇಚನೆ ಬಾರದೆ ಹತ್ತು ಪರಿಣಾಮಗಳನ್ನು ಕಲಿತರೂ ಪ್ರಯೋಜನ ಕಡಿಮೆ.

ಬಣ್ಣ ತೆಗೆಯುವ ಆಜ್ಞೆಯ ಒಳಗೂ ಒಂದು ಪಾಠವಿದೆ. ಅಚ್ಚ ಕೆಂಪನ್ನೂ ಅಚ್ಚ ಹಸಿರನ್ನೂ ಸರಾಸರಿಯ ಕ್ರಮದಲ್ಲಿ ಬೂದಾಗಿಸಿದರೆ ಎರಡೂ 85 ಆಗುತ್ತವೆ. ಎಲೆಯ ನಡುವಿನ ದಾಸವಾಳ ಕಾಣೆಯಾಗುತ್ತದೆ. ಕಣ್ಣಿನ ಸಂವೇದನೆಯನ್ನು ಅನುಸರಿಸುವ ಲೂಮಾ ಕ್ರಮದಲ್ಲಿ ಹಸಿರಿನ ಅಂಕಿ 180ನ್ನು ಮೀರುತ್ತದೆ, ಕೆಂಪಿನದು 60ನ್ನು ಮುಟ್ಟುವುದಿಲ್ಲ. ನಮ್ಮ ಕಣ್ಣಿಗೆ ಹಸಿರು ಅಷ್ಟು ಬೆಳಗಾಗಿ ತೋರುತ್ತದೆ.

ಮುಸುಕು: ಅಳಿಸದೆ ಮರೆಮಾಡುವುದು

ರಬ್ಬರಿನಿಂದ ಅಳಿಸಿದ್ದು ಹೋಯಿತು. ಮುಸುಕಿನ ಹಿಂದಿರುವುದು ಇದ್ದೇ ಇದೆ. ಈ ವ್ಯತ್ಯಾಸವನ್ನು ಮಗು ಅರಿತರೆ ಚಿತ್ರಸಂಸ್ಕರಣೆಯ ಅರ್ಧವನ್ನು ಅರಿತಂತೆ. ಬಣ್ಣದ ಮೂಲಪದರದ ಮೇಲೆ ಬಣ್ಣ ತೆಗೆದ ಪ್ರತಿಯನ್ನಿರಿಸಿ, ಆ ಪ್ರತಿಗೆ ಬಿಳಿಯ ಮುಸುಕೊಂದನ್ನು ಸೇರಿಸಬೇಕು. ಮುಸುಕಿನ ಮೇಲೆ ಕುಂಚದಿಂದ ಕಪ್ಪು ಬಳಿದಲ್ಲೆಲ್ಲ ಮೇಲಿನ ಪದರ ಮರೆಯಾಗಿ ಕೆಳಗಿನ ಬಣ್ಣ ಇಣುಕುತ್ತದೆ. ಬೂದು ಚಿತ್ರದ ನಡುವೆ ವೇಷದ ಕೆಂಪು ಮಾತ್ರ ಹೊಳೆಯುವಂತೆ ಮಾಡುವುದು ಹೀಗೆ. ಗೆರೆ ದಾಟಿ ಬಳಿದರೆ ಬಿಳಿಯಿಂದ ಮತ್ತೆ ಬಳಿದರೆ ಸರಿ. ತಪ್ಪಿದರೂ ಮೂಲ ಕೆಡುವುದಿಲ್ಲವೆಂದು ತಿಳಿದ ಮಗು ಧೈರ್ಯದಿಂದ ಪ್ರಯೋಗ ಮಾಡುತ್ತದೆ.

ಇನ್ನೊಂದು ಪ್ರಯೋಗ ನಮ್ಮ ಮಕ್ಕಳಿಗೆ ವಿಶೇಷವಾಗಿ ಹೊಂದುತ್ತದೆ. ಮಗು ಬಿಳಿಯ ಹಾಳೆಯ ಮೇಲೆ ತನ್ನ ಕೈಬರಹದಲ್ಲಿ ಊರಿನ ಹೆಸರನ್ನೋ ಗಾದೆಯೊಂದನ್ನೋ ಬರೆಯಲಿ. ಅದರ ಚಿತ್ರ ತೆಗೆದು ಊರಿನ ಛಾಯಾಚಿತ್ರದ ಮೇಲೆ ಪದರವಾಗಿಟ್ಟು, ಮೋಡ್‌ನಲ್ಲಿ ಮಲ್ಟಿಪ್ಲೈ ಎಂದು ಆರಿಸಿದರೆ ಹಾಳೆಯ ಬಿಳುಪು ಮಾಯವಾಗಿ ಅಕ್ಷರಗಳಷ್ಟೇ ಚಿತ್ರದ ಮೇಲೆ ನಿಲ್ಲುತ್ತವೆ. ಎರಡು ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸುವ ಲೆಕ್ಕವಿದು. ಬಿಳಿ 255 ಆದ್ದರಿಂದ ಅದು ಕೆಳಗಿನದನ್ನು ಬದಲಿಸದು, ಕಪ್ಪು 0 ಆದ್ದರಿಂದ ಎಲ್ಲವನ್ನೂ ಕಪ್ಪಾಗಿಸುತ್ತದೆ. ಹಾಳೆ ಬೂದಾಗಿ ಕಂಡರೆ ಮೊದಲು ಲೆವೆಲ್ಸ್ ಆಜ್ಞೆಯಿಂದ ಅದನ್ನು ಬಿಳಿಯಾಗಿಸಬೇಕು.

ಮುಟ್ಟಬಾರದ ಚಿತ್ರ

ಚಿತ್ರಗಳನ್ನು ಬೆಸೆಯುವ ಕಲೆ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ 1857ರಲ್ಲಿಯೇ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರವನ್ನು ಮುದ್ರಿಸಿದ್ದನು. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್‌ಗಳಿಂದ, ಮರಣಶಯ್ಯೆಯಲ್ಲಿರುವ ಹುಡುಗಿಯೊಬ್ಬಳ ಚಿತ್ರವನ್ನು ಕಟ್ಟಿದನು. ಛಾಯಾಚಿತ್ರವೆಂದರೆ ಕಂಡದ್ದರ ಸಾಕ್ಷಿ ಎಂದು ನಂಬಿದ್ದ ಹಲವರಿಗೆ ಅದು ಅಸಮಾಧಾನ ತಂದಿತು. ಕಟ್ಟಿದ ಚಿತ್ರವೆಂದು ಹೇಳಿ ತೋರಿಸಿದರೆ ಅದು ಕಲೆ. ಹೇಳದೆ ತೋರಿಸಿದರೆ ಪ್ರಶ್ನೆ ಏಳುತ್ತದೆ.

ಗಡಿನಾಡಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಶಾಲೆ ಆರಂಭವಾದಾಗಿನ ಗುಂಪುಚಿತ್ರ, ಕನ್ನಡ ನಾಮಫಲಕವಿದ್ದ ಹಳೆಯ ಅಂಗಡಿಯ ಚಿತ್ರ, ದೇವಸ್ಥಾನದ ಅಂಗಳದಲ್ಲಿ ಸವೆಯುತ್ತಿರುವ ಶಾಸನಕಲ್ಲು: ಇಂಥವು ಒಂದು ಊರಿನಲ್ಲಿ ಕನ್ನಡ ಬದುಕಿದ್ದುದಕ್ಕೆ ಉಳಿದಿರುವ ದಾಖಲೆಗಳು. ಹಳೆಯ ಕಪ್ಪುಬಿಳುಪು ಚಿತ್ರಕ್ಕೆ ಬಣ್ಣ ತುಂಬುವ ಮೊಬೈಲ್ ಅನ್ವಯಗಳನ್ನು ಮಕ್ಕಳು ಬಲ್ಲರು. ಕಪ್ಪುಬಿಳುಪಿನಲ್ಲಿ ಬಿಂದುವಿಗೆ ಒಂದೇ ಅಂಕಿ. ಬಣ್ಣಕ್ಕೆ ಮೂರು ಬೇಕು. ಇಲ್ಲದ ಅಂಕಿಗಳನ್ನು ಯಂತ್ರ ಊಹಿಸುತ್ತದೆ. ಅಜ್ಜಿಯ ಸೀರೆ ಕೆಂಪಾಗಿತ್ತೇ ಹಸಿರಾಗಿತ್ತೇ ಎಂಬುದು ಚಿತ್ರದಲ್ಲಿಲ್ಲ, ಅಜ್ಜಿಯನ್ನೇ ಕೇಳಬೇಕು. ಬಣ್ಣ ತುಂಬುವುದು ನಿಷಿದ್ಧವಲ್ಲ, ಅದರ ಕೆಳಗೆ ಬಣ್ಣ ಊಹೆಯದೆಂದು ಬರೆದಿರಲಿ, ಮೂಲವೂ ಪಕ್ಕದಲ್ಲಿರಲಿ.

ಶಾಸನದ ಚಿತ್ರದಲ್ಲಿ ಎಲ್ಲೆ ಇನ್ನೂ ಸ್ಪಷ್ಟ. ಕರ್ವ್ಸ್ ಆಜ್ಞೆಯಿಂದ ಇಡೀ ಚಿತ್ರದ ಬೆಳಕು ನೆರಳುಗಳ ಅಂತರವನ್ನು ಹೆಚ್ಚಿಸಬಹುದು, ಏಕೆಂದರೆ ಒಂದೇ ನಿಯಮ ಎಲ್ಲ ಬಿಂದುಗಳಿಗೂ ಅನ್ವಯಿಸುತ್ತದೆ. ಕುಂಚ ಹಿಡಿದು ಅಳಿದ ಅಕ್ಷರದ ಮೇಲೆ ಗೆರೆ ತಿದ್ದುವುದು ಮಾತ್ರ ಸಲ್ಲದು. ಅದು ಕಲ್ಲಿನ ಓದಲ್ಲ, ನಮ್ಮ ಓದು. ಕಲ್ಲಿಗೆ ಸೀಮೆಸುಣ್ಣ ಬಳಿಯುವುದೂ ಬೇಡ. ಅಂದಹಾಗೆ, ಸವೆದ ಅಕ್ಷರಗಳನ್ನು ಎತ್ತಿ ತೋರಿಸುವುದರಲ್ಲಿ ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿಗೆ ಸಮನಾದ ತಂತ್ರಾಂಶವಿಲ್ಲ. ಮಧ್ಯಾಹ್ನ ತೆಗೆದ ಚಿತ್ರವನ್ನು ಗಂಟೆಗಟ್ಟಲೆ ತಿದ್ದುವ ಬದಲು ಇನ್ನೊಂದು ಮುಂಜಾನೆ ಹೋಗಿಬರುವುದು ಲೇಸು.

ಸಹಪಾಠಿಗಳ ಮುಖದ ಮೇಲೆ ಪ್ರಯೋಗ ನಡೆಸುವಾಗ ಅವರ ಒಪ್ಪಿಗೆ ಬೇಕು. ನಗೆಪಾಟಲಿನ ಚಿತ್ರ ಪ್ರಯೋಗಾಲಯದಿಂದ ಹೊರಗೆ ಹೋಗಕೂಡದು.

ಚಿತ್ರದ ಮೇಲೆ ಕನ್ನಡ ಅಕ್ಷರ

ಶಾಲೋತ್ಸವದ ಭಿತ್ತಿಪತ್ರವಾಗಲಿ ಗೋಡೆಪತ್ರಿಕೆಯಾಗಲಿ, ಕೊನೆಗೆ ಚಿತ್ರದ ಮೇಲೆ ಕನ್ನಡ ಬರಬೇಕು. ಗಿಂಪ್‌ನ ಅಕ್ಷರ ಉಪಕರಣವು ಯೂನಿಕೋಡ್ ಕನ್ನಡವನ್ನು ಒತ್ತಕ್ಷರಗಳೊಡನೆ ಸರಿಯಾಗಿ ಮೂಡಿಸುತ್ತದೆ. ಲೋಹಿತ್ ಕನ್ನಡ, ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಮುಂತಾದವು ಮುಕ್ತವಾಗಿ ದೊರೆಯುವ ಅಕ್ಷರವಿನ್ಯಾಸಗಳು. ಹಳೆಯ ನುಡಿ ಅಥವಾ ಬರಹ ಕಡತಗಳಿಂದ ನಕಲು ಮಾಡಿ ಅಂಟಿಸಿದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ, ಆ ಬರಹ ಯೂನಿಕೋಡಿನಲ್ಲಿಲ್ಲವೆಂದು ತಿಳಿದು ಮೊದಲು ಪರಿವರ್ತಿಸಿಕೊಳ್ಳಬೇಕು. ಇಂಗ್ಲಿಷಿಗೆ ಹೊಂದುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಣಿತಚಿಹ್ನೆಗಳಿಗೆ ತಾಗುತ್ತವೆ. ಅಕ್ಷರಕ್ಕೆ ಹೊರಗೆರೆ ಕೊಡುವಾಗ ಕೆಲವು ವಿನ್ಯಾಸಗಳಲ್ಲಿ ಅಕ್ಷರದ ಒಳಗೂ ಗೆರೆಗಳು ಮೂಡುವುದುಂಟು. ಆಗ ಆಲ್ಫಾ ಟು ಸೆಲೆಕ್ಷನ್ ಆಜ್ಞೆಯಿಂದ ಅಕ್ಷರದ ಆಕಾರವನ್ನು ಆಯ್ದು, ಆಯ್ಕೆಯನ್ನು ಎರಡು ಮೂರು ಬಿಂದುಗಳಷ್ಟು ಹಿಗ್ಗಿಸಿ, ಕೆಳಗಿನ ಹೊಸ ಪದರದಲ್ಲಿ ಬಣ್ಣ ತುಂಬುವುದು ಸುಲಭದ ದಾರಿ. ಅಕ್ಷರಪದರದ ಮೇಲೆ ನೇರವಾಗಿ ಕುಂಚವಾಡಿಸಿದರೆ ಅದು ಬರಿಯ ಚಿತ್ರದಂತಾಗುತ್ತದೆ, ಆಮೇಲೆ ಕಾಗುಣಿತ ತಿದ್ದಹೊರಟರೆ ಕುಂಚದ ಕೆಲಸ ಅಳಿಸಿಹೋಗುತ್ತದೆ.

ಕೆಲಸ ಮುಗಿದಾಗ ಎರಡು ಕಡತಗಳು ಇರಬೇಕು. ಸೇವ್ ಎಂದರೆ ಉಳಿಯುವುದು ಎಕ್ಸ್‌ಸಿಎಫ್ ಕಡತ. ಪದರಗಳೂ ಮುಸುಕುಗಳೂ ಅದರಲ್ಲಿ ಜೀವಂತವಾಗಿರುತ್ತವೆ. ಎಕ್ಸ್‌ಪೋರ್ಟ್ ಎಂದರೆ ದೊರೆಯುವುದು ಪಿಎನ್‌ಜಿ ಅಥವಾ ಜೆಪೆಗ್ ಪ್ರತಿ. ಜೆಪೆಗ್ ಕಡತವನ್ನೇ ಮತ್ತೆ ಮತ್ತೆ ತೆರೆದು ತಿದ್ದಿ ಉಳಿಸಿದರೆ ಪ್ರತಿ ಬಾರಿಯೂ ಸ್ವಲ್ಪ ಸ್ವಲ್ಪ ಕೆಡುತ್ತದೆ. ಕ್ಯಾಮರಾದಿಂದ ಬಂದ ಕಡತಗಳನ್ನು ‘ಮೂಲ’ ಎಂಬ ಹೆಸರಿನ ಪ್ರತ್ಯೇಕ ಕೋಶದಲ್ಲಿಟ್ಟು, ಚಿತ್ರ ತೆಗೆದ ದಿನ ಮತ್ತು ಊರನ್ನು ಹೆಸರಿನಲ್ಲಿ ಸೇರಿಸಬೇಕು. ಪ್ರಯೋಗಗಳೆಲ್ಲ ಬೇರೆ ಕೋಶದಲ್ಲಿ ನಡೆಯಲಿ.

ಮುದ್ರಣಾಲಯಕ್ಕೆ ಪಿಎನ್‌ಜಿ ಪ್ರತಿಯನ್ನೇ ಕಳುಹಿಸಬೇಕು. ಅಲ್ಲಿನ ಯಂತ್ರದಲ್ಲಿ ಕನ್ನಡ ವಿನ್ಯಾಸಗಳಿಲ್ಲದಿದ್ದರೆ ಅಕ್ಷರಗಳು ಒಡೆದು ಒತ್ತುಗಳು ಬೇರೆಯಾಗುತ್ತವೆ, ಕನ್ನಡ ಓದಲು ಬಾರದ ಕೆಲಸಗಾರನಿಗೆ ಅದು ತಪ್ಪೆಂದು ತೋರುವುದೂ ಇಲ್ಲ. ಅಕ್ಷರ ಚಿತ್ರವಾಗಿ ಹೋದರೆ ಆ ಭಯವಿಲ್ಲ. ಆದರೆ ಆಮೇಲೆ ತಿದ್ದುವ ಅವಕಾಶವೂ ಇಲ್ಲವಾದ್ದರಿಂದ, ಕಳುಹಿಸುವ ಮೊದಲು ಕನ್ನಡ ಶಿಕ್ಷಕರೊಬ್ಬರು ಅಕ್ಷರ ಅಕ್ಷರವಾಗಿ ಓದಿ ನೋಡಿರಬೇಕು.