ಬೆಂಕಿಯ ಗಂಟೆಗೆ ಬೇರೆಯೇ ತಂತಿ ಬೇಕು

ಸಭಾಭವನ, ಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ಬೆಂಕಿ ಎಚ್ಚರಿಕೆಯ ವ್ಯವಸ್ಥೆ ಅಳವಡಿಸುವಾಗ ಪಾಲನಾ ಮಂಡಳಿಯಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಗೋಡೆಯೊಳಗೆ ಈಗಾಗಲೇ ಕರೆಂಟಿನ ತಂತಿ ಇದೆ. ಸೈರನ್, ಮಿನುಗುದೀಪ, ಹೆಚ್ಚುವರಿ ಗಂಟೆಗಳನ್ನು ಅದರಿಂದಲೇ ನಡೆಸಿದರೆ ಗೋಡೆ ಕೊರೆಯುವ ಖರ್ಚು ಉಳಿಯುವುದಿಲ್ಲವೇ?

ಘಟ್ಟದ ಮೇಲಿನ ಸಂಕೇಶ್ವರವನ್ನೇ ತೆಗೆದುಕೊಳ್ಳೋಣ. ಅದು ಸೇರಿರುವ ಹುಕ್ಕೇರಿ ತಾಲ್ಲೂಕಿನಲ್ಲಿ ವಿದ್ಯುತ್ ವಿತರಿಸುತ್ತ ಬಂದಿರುವುದು 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಬಳಕೆದಾರರೇ ಸದಸ್ಯರಾಗಿರುವ ಇಂಥ ಸಂಘ ನಮ್ಮ ಕರಾವಳಿಯಲ್ಲಿಲ್ಲ. ವಿತರಿಸುವವರು ಯಾರೇ ಇರಲಿ, ಗೋಡೆಯೊಳಗೆ ಹರಿಯುವುದು 230 ವೋಲ್ಟ್ ಎ.ಸಿ. ಎಚ್ಚರಿಕೆ ಪ್ಯಾನೆಲ್ಲಿನ ಉಪಕರಣಗಳು ಸಾಮಾನ್ಯವಾಗಿ ಬೇಡುವುದು 24 ವೋಲ್ಟ್ ಡಿ.ಸಿ. ನೇರವಾಗಿ ಜೋಡಿಸಿದರೆ ಸುಟ್ಟೇ ಹೋಗುತ್ತವೆ.

ವಿದ್ಯುತ್ ತಂತಿಯ ಮೇಲೆಯೇ ಸಂಕೇತ ಕಳುಹಿಸುವ ತಂತ್ರವೂ ಉಂಟು. 1970ರ ದಶಕದಿಂದಲೇ ಅದು ಬಳಕೆಯಲ್ಲಿದೆ. ದೀಪ ಹೊತ್ತಿಸಲು, ಆರಿಸಲು ಸಾಕು. ಆದರೆ ಮೋಟಾರು ತಿರುಗಿದರೆ ಸಂಕೇತ ಕಲಕುತ್ತದೆ, ಒಂದು ಫೇಸಿನಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವುದಿಲ್ಲ. ದೀಪ ಹೊತ್ತದಿದ್ದರೆ ಮತ್ತೊಮ್ಮೆ ಗುಂಡಿ ಒತ್ತಬಹುದು. ಬೆಂಕಿಯ ಗಂಟೆಗೆ ಆ ಎರಡನೇ ಅವಕಾಶ ಎಲ್ಲಿದೆ?

ನಿಜವಾದ ತೊಡಕು ಇನ್ನೂ ಸರಳ. ಹೊಗೆ ಕಂಡೊಡನೆ ನಾವು ಮಾಡುವ ಮೊದಲ ಕೆಲಸ ಮೇನ್ ಸ್ವಿಚ್ ಇಳಿಸುವುದು. ಅದು ಸರಿಯಾದ ಕೆಲಸವೇ. ಆದರೆ ಗಂಟೆಯೂ ಅದೇ ತಂತಿಯಲ್ಲಿದ್ದರೆ, ಮೇಲಿನ ಕೋಣೆಯಲ್ಲಿ ಮಲಗಿರುವ ಮಕ್ಕಳನ್ನು ಎಬ್ಬಿಸಬೇಕಾದ ಹೊತ್ತಿಗೆ ಅದು ಸುಮ್ಮನಾಗುತ್ತದೆ. ಶಾರ್ಟ್ ಸರ್ಕ್ಯೂಟ್ ಆದರಂತೂ ಯಾರೂ ಮುಟ್ಟದೆಯೇ ಎಂ.ಸಿ.ಬಿ. ಬೀಳುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ಅಲ್ಲಿ ಬೆಂಕಿ ಹುಟ್ಟಿದ್ದು ವಿದ್ಯುತ್ ತಂತಿಗಳು ಹಾದುಹೋಗುವ ಕಿಂಡಿಯಲ್ಲಿಯೇ. ಮೊದಲು ಸುಡುವ ಜಾಗದಲ್ಲಿ ಎಚ್ಚರಿಕೆಯ ತಂತಿಯನ್ನೂ ಇಡುವುದು ಜಾಣತನವಲ್ಲ.

ಆದ್ದರಿಂದಲೇ ಇದಕ್ಕಾಗಿ ಇರುವ ಭಾರತೀಯ ಮಾನಕ ಐ.ಎಸ್. 2189 ಪ್ರತ್ಯೇಕ ತಂತಿಯನ್ನೂ ಬ್ಯಾಟರಿಯನ್ನೂ ಕೇಳುತ್ತದೆ. ಪ್ರತ್ಯೇಕ ತಂತಿಯಿಂದ ಇನ್ನೊಂದು ಲಾಭ: ಸಾಲಿನ ತುದಿಯಲ್ಲಿ ಒಂದು ಸಣ್ಣ ರೆಸಿಸ್ಟರ್ ಇರುತ್ತದೆ, ಇಲಿ ಕಡಿದು ತಂತಿ ತುಂಡಾದರೂ ಪ್ಯಾನೆಲ್ ಕೂಡಲೇ ದೋಷ ತೋರಿಸುತ್ತದೆ. ಫ್ಯಾನಿನ ತಂತಿಗೆ ಈ ಕಾವಲು ಇಲ್ಲ.

ಹಾಗೆಂದು ಕಟ್ಟಡದ ಕರೆಂಟು ಬೇಡವೇ ಬೇಡ ಎಂದಲ್ಲ. ಪ್ಯಾನೆಲ್ಲಿಗೆ, ಅದರ ಬ್ಯಾಟರಿ ಚಾರ್ಜಿಗೆ ಅದು ಬೇಕು. ಬೇರಾವುದನ್ನೂ ಜೋಡಿಸದ ಒಂದು ಎಂ.ಸಿ.ಬಿ.ಯಿಂದ ಕೊಡಬೇಕು. ಸಣ್ಣ ಮನೆಗಳಿಗೆ 230 ವೋಲ್ಟಿನಲ್ಲಿಯೇ ನಡೆಯುವ, ಒಳಗೆ ಸ್ವಂತ ಬ್ಯಾಟರಿಯಿರುವ ಹೊಗೆ ಪತ್ತೆಕಾರಿಗಳಿವೆ. ಗೋಡೆ ಕೊರೆಯಲಾಗದ ಹಳೆಯ ಕಟ್ಟಡಕ್ಕೆ ವಯರ್‌ಲೆಸ್ ವ್ಯವಸ್ಥೆಯೂ ಸಿಗುತ್ತದೆ, ಬೆಲೆ ಹೆಚ್ಚು.

ಕೆಲಸ ಮುಗಿಯಿತು ಎಂದು ಗುತ್ತಿಗೆದಾರರು ಹೇಳಿದಾಗ, ಬಿಲ್ಲು ಪಾವತಿಸುವ ಮುನ್ನ, ಅವರೆದುರೇ ಮೇನ್ ಸ್ವಿಚ್ ಇಳಿಸಿ ಪರೀಕ್ಷಾ ಗುಂಡಿ ಒತ್ತಿರಿ. ಕೊನೆಯ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರು ಕೇಳುತ್ತಿರಲಿ.