ಜಾಡಿಗೆ ಉಪ್ಪೇ ಕಾವಲು

ಗೌರೀಗಣೇಶರ ಹಬ್ಬವಿರಲಿ, ನವರಾತ್ರಿಯಿರಲಿ, ಎಲೆಯ ತುದಿಯಲ್ಲಿ ಉಪ್ಪಿನಕಾಯಿ ಇಲ್ಲದಿದ್ದರೆ ಊಟ ಪೂರ್ಣವೆನಿಸುವುದಿಲ್ಲ. ಆದರೆ ಅಂದು ಬಡಿಸುವ ಮಾವಿನ ಮಿಡಿ ಮರದಿಂದ ಇಳಿದು ಎಷ್ಟೋ ತಿಂಗಳುಗಳಾಗಿರುತ್ತವೆ. ಮಲೆನಾಡಿನಲ್ಲಿ ಅಪ್ಪೆಮಿಡಿಯನ್ನು ಬೇಸಗೆಯ ಮೊದಲಲ್ಲಿ, ಗೊರಟು ಬಲಿಯುವುದಕ್ಕೆ ಮುನ್ನವೇ ಕೊಯ್ಯುತ್ತಾರೆ. ಬೆಳಗ್ಗೆ ಮಾಡಿದ ಪಲ್ಯ ರಾತ್ರಿಗೆ ಹಳಸುವ ನಮ್ಮ ಹವೆಯಲ್ಲಿ, ಬೇಯಿಸದ ಈ ಕಾಯಿ ಮಳೆಗಾಲವನ್ನೆಲ್ಲ ಕೆಡದೆ ಕಳೆಯುವುದು ಹೇಗೆ?

ಆಹಾರವನ್ನು ಕೆಡಿಸುವವುಗಳಲ್ಲಿ ಮುಖ್ಯವಾದುವು ಬ್ಯಾಕ್ಟೀರಿಯಾ, ಬೂಷ್ಟು ಮೊದಲಾದ ಸೂಕ್ಷ್ಮಜೀವಿಗಳು. ಇವು ಬೆಳೆಯಬೇಕಾದರೆ ನೀರು ಅತ್ಯಗತ್ಯ. ಮಿಡಿಗಳನ್ನು ಜಾಡಿಯಲ್ಲಿ ಹರಳುಪ್ಪಿನೊಡನೆ ಪದರಪದರವಾಗಿ ತುಂಬಿಟ್ಟರೆ, ಒಂದು ಹನಿ ನೀರು ಹಾಕದಿದ್ದರೂ ಕೆಲವೇ ದಿನಗಳಲ್ಲಿ ಅವು ಉಪ್ಪುನೀರಿನಲ್ಲಿ ಮುಳುಗಿರುತ್ತವೆ. ಕಾಯಿಯ ಜೀವಕೋಶಗಳೊಳಗಿನ ನೀರು ಪೊರೆಯನ್ನು ಹಾಯ್ದು ಹೊರಗಿನ ಉಪ್ಪಿನತ್ತ ಹರಿದುದೇ ಇದಕ್ಕೆ ಕಾರಣ. ಈ ಕ್ರಿಯೆಗೆ ಅಭಿಸರಣವೆಂದು ಹೆಸರು. ಮಿಡಿ ಸುಕ್ಕುಗಟ್ಟುವುದು ಹೀಗೆ. ಸೌತೆಕಾಯಿಯ ಹೋಳಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ನೋಡಿದರೆ ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಕಾಣಬಹುದು. ಜಾಡಿಗೆ ಸೇರಿದ ಸೂಕ್ಷ್ಮಜೀವಿಗೂ ಇದೇ ಗತಿ. ತನ್ನ ನೀರನ್ನು ಕಳೆದುಕೊಂಡು ಅದು ಬೆಳೆಯಲಾರದಾಗುತ್ತದೆ.

ಉಪ್ಪಿಗೆ ಜೊತೆಯಾಗಿ ನಿಲ್ಲುವುದು ಮಾವಿನ ಹುಳಿ. ಉಪ್ಪನ್ನು ತಕ್ಕಮಟ್ಟಿಗೆ ಸಹಿಸಬಲ್ಲ ಎಷ್ಟೋ ಬ್ಯಾಕ್ಟೀರಿಯಾಗಳು ಆಮ್ಲವನ್ನು ಸಹಿಸಲಾರವು. ಮೂರನೆಯ ಸಹಾಯ ಸಾಸಿವೆಯದು. ಇಡೀ ಕಾಳಿಗೆ ಘಾಟಿಲ್ಲ. ಅರೆದಾಗ, ನೀರಿನ ಸಂಪರ್ಕದಲ್ಲಿ, ಕಾಳಿನೊಳಗಿನ ಒಂದು ಕಿಣ್ವವು ಬೇರೊಂದು ವಸ್ತುವಿನ ಮೇಲೆ ವರ್ತಿಸಿ ಘಾಟಿನ ತೈಲವನ್ನು ಬಿಡುಗಡೆ ಮಾಡುತ್ತದೆ. ಮೂಗಿಗೇರುವ ಈ ತೈಲ ಬೂಷ್ಟನ್ನೂ ಬ್ಯಾಕ್ಟೀರಿಯಾವನ್ನೂ ತಡೆಯಬಲ್ಲುದು.

ಈ ಕಾವಲು ಸಡಿಲವಾದರೆ ಆಗಬಹುದಾದ ಅನಾಹುತ ಸಣ್ಣದಲ್ಲ. 1895ರ ಡಿಸೆಂಬರಿನಲ್ಲಿ ಬೆಲ್ಜಿಯಂ ದೇಶದ ಎಲ್ಲೆಝೆಲ್ ಎಂಬ ಹಳ್ಳಿಯಲ್ಲಿ, ಉಪ್ಪುನೀರಿನಲ್ಲಿಟ್ಟಿದ್ದ ಹಂದಿಯ ಮಾಂಸವನ್ನು ತಿಂದ ವಾದ್ಯಗಾರರ ತಂಡವೊಂದು ಕಾಯಿಲೆ ಬಿದ್ದು, ಮೂವರು ಮೃತರಾದರು. ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದಲ್ಲಿ, ಗಾಳಿಯಿಲ್ಲದೆಡೆ ಬೆಳೆದು ವಿಷ ಕಾರುವ ಬ್ಯಾಕ್ಟೀರಿಯಾವನ್ನು ಕಂಡುಹಿಡಿದನು. ಇಂದು ಅದನ್ನು ಕ್ಲಾಸ್ಟ್ರಿಡಿಯಂ ಬೊಟುಲಿನಂ ಎನ್ನುತ್ತಾರೆ. ಉಪ್ಪು ಶೇಕಡಾ 10ರಷ್ಟಿದ್ದರೆ, ಇಲ್ಲವೆ ಆಮ್ಲತೆಯನ್ನು ಅಳೆಯುವ ಪಿಎಚ್ ಅಂಕ 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯದು. ಉಪ್ಪುನೀರಿನ ಉಪ್ಪಿನಕಾಯಿಯಲ್ಲಿ ಉಪ್ಪು ಶೇಕಡಾ 12ಕ್ಕೆ ಕಡಮೆಯಿರಬಾರದೆಂದು ನಮ್ಮ ದೇಶದ 2011ರ ಆಹಾರ ನಿಯಮಗಳು ವಿಧಿಸಿದುವು.

ಹಿರಿಯರು ಹಾಕಿಕೊಟ್ಟ ಕಟ್ಟುಪಾಡುಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಪೆಟ್ಟಾದ ಮಿಡಿಯನ್ನು ಬೇರ್ಪಡಿಸುವುದೇಕೆಂದರೆ, ಸಿಪ್ಪೆ ಒಡೆದಲ್ಲಿ ಕೊಳೆತ ಹೊಗುತ್ತದೆ. ಉಪ್ಪುನೀರನ್ನು ಬಸಿದು ಕುದಿಸಿ, ಆರಿಸಿ, ಅನಂತರ ಮಸಾಲೆಗೆ ಬಳಸುವುದರಿಂದ ಅದರಲ್ಲಿದ್ದ ಜೀವಿಗಳಲ್ಲಿ ಹೆಚ್ಚಿನವು ನಾಶವಾಗುತ್ತವೆ. ಒದ್ದೆ ಸೌಟನ್ನು ಜಾಡಿಯಲ್ಲಿ ಅದ್ದಿದರೆ ಮೇಲ್ಪದರದ ಉಪ್ಪು ತೆಳುವಾಗಿ ಬೂಷ್ಟಿಗೆ ಎಡೆಯಾಗುತ್ತದೆ. ಬೂಷ್ಟು ಹುಳಿಯನ್ನೇ ತಿಂದು ಆಮ್ಲತೆಯನ್ನು ತಗ್ಗಿಸುವುದರಿಂದ, ಅದರ ಹಿಂದೆಯೇ ಬೇರೆ ಜೀವಿಗಳಿಗೂ ದಾರಿ ತೆರೆಯುತ್ತದೆ.

ಈಗ ಅನೇಕ ಮನೆಗಳಲ್ಲಿ ರಕ್ತದೊತ್ತಡದ ಭಯದಿಂದ ಉಪ್ಪನ್ನು ಕಡಮೆ ಮಾಡಿ ಉಪ್ಪಿನಕಾಯಿ ಹಾಕುವುದುಂಟು. ಭಯ ನಿರಾಧಾರವಲ್ಲ, ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಆದರೆ ಪರಿಹಾರವನ್ನು ಹುಡುಕಬೇಕಾದುದು ಜಾಡಿಯಲ್ಲಲ್ಲ, ಎಲೆಯಲ್ಲಿ. ಎರಡು ಮಿಡಿಯ ಬದಲು ಅರ್ಧ ಮಿಡಿ ಬಡಿಸಿಕೊಂಡರೆ ದೇಹಕ್ಕೆ ಸೇರುವ ಉಪ್ಪು ತಾನಾಗಿ ತಗ್ಗುತ್ತದೆ. ಉಪ್ಪು ಕಡಮೆಯಿರುವ ಉಪ್ಪಿನಕಾಯಿಯೇ ಬೇಕೆನ್ನುವವರು ಅದನ್ನು ಸ್ವಲ್ಪವೇ ಮಾಡಿ, ಶೀತಕ ಪೆಟ್ಟಿಗೆಯಲ್ಲಿಟ್ಟು, ಕೆಲವು ದಿನಗಳೊಳಗೆ ಮುಗಿಸುವುದು ಲೇಸು. ಹಬ್ಬದವರೆಗೆ ಉಳಿಯಬೇಕಾದ ಜಾಡಿಗೆ ಮಾತ್ರ ಉಪ್ಪು ತುಂಬಿಯೇ ಇರಲಿ.