ಅಧ್ಯಾಯ 6: ಸಮವಸ್ತ್ರ ಕಳಚಿದ ಮನೆಯ ಕಾಲೇಜು ಓದು

ಸೈನಿಕನ ನಿವೃತ್ತಿ ಬೇಗ ಬರುತ್ತದೆ. ಹವಾಲ್ದಾರರೋ ನಾವಿಕರೋ ನಲವತ್ತರ ಆಸುಪಾಸಿನಲ್ಲಿ ಮನೆಗೆ ಮರಳುವಾಗ ಮಗಳು ಹನ್ನೆರಡನೆಯ ತರಗತಿಯಲ್ಲಿರುತ್ತಾಳೆ, ಮಗ ಹತ್ತನೆಯದರಲ್ಲಿ. ಪಿಂಚಣಿ ಸಂಬಳಕ್ಕಿಂತ ಕಡಿಮೆ. ಕಾಲೇಜಿನ ಖರ್ಚು ಆಗಷ್ಟೇ ತೊಡಗಿರುತ್ತದೆ. ಮುಂಬೈ ಪಶ್ಚಿಮ ನೌಕಾ ಕಮಾಂಡಿನ ಕೇಂದ್ರ. ಸೇವೆಯ ಕೊನೆಯ ವರ್ಷಗಳನ್ನು ಇಲ್ಲಿ ಕಳೆದು ಮಕ್ಕಳ ಓದಿಗಾಗಿ ಇಲ್ಲಿಯೇ ಉಳಿದ ಮನೆಗಳು ಉಪನಗರಗಳಲ್ಲಿವೆ. ಅಂಥ ಕನ್ನಡ ಮನೆಗಳನ್ನು ನೆನೆದು ಬರೆದ ಅಧ್ಯಾಯವಿದು.

ಅಮೆರಿಕ 1944ರಲ್ಲಿ ಜಿ.ಐ. ಬಿಲ್ ಎಂಬ ಕಾಯಿದೆ ತಂದು, ಎರಡನೆಯ ಮಹಾಯುದ್ಧ ಮುಗಿಸಿ ಬಂದ ಸುಮಾರು 22 ಲಕ್ಷ ಯೋಧರನ್ನು ಕಾಲೇಜಿಗೆ ಕಳಿಸಿತು. ನಮ್ಮಲ್ಲಿ ಅಂಥ ಒಂದೇ ಕಾಯಿದೆ ಇಲ್ಲ. ಇಲ್ಲಿನ ಹಣದ ನೆರವು ಹೆಚ್ಚಾಗಿ ಸಿಗುವುದು ಮಕ್ಕಳ ಓದಿಗೆ. ಸೈನಿಕನ ಸ್ವಂತ ಓದಿನ ದಾರಿಗಳು ಬಹುಪಾಲು ಸೇವೆಯಲ್ಲಿದ್ದಾಗಲೇ ತೆರೆದಿರುತ್ತವೆ. ಎರಡಕ್ಕೂ ಸಿದ್ಧತೆ ನಿವೃತ್ತಿಗೆ ಮೊದಲೇ ನಡೆಯಬೇಕು.

ಮಕ್ಕಳಿಗೆ ಎರಡು ಮುಖ್ಯ ನೆರವುಗಳು

ಮೊದಲನೆಯದು 2006-07ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿದ್ಯಾರ್ಥಿವೇತನ. ಇದು ಮಾಜಿ ಸೈನಿಕರ ಮತ್ತು ಮಾಜಿ ಕೋಸ್ಟ್ ಗಾರ್ಡ್ ಸಿಬ್ಬಂದಿಯ ಮಕ್ಕಳಿಗೆ ಹಾಗೂ ಅವರ ವಿಧವೆಯರಿಗೆ. ವರ್ಷಕ್ಕೆ 5,500 ಮಂದಿಗೆ, ಹುಡುಗರು ಹುಡುಗಿಯರು ಸಮಪಾಲು. ಹುಡುಗಿಗೆ ತಿಂಗಳಿಗೆ 3,000 ರೂಪಾಯಿ, ಹುಡುಗನಿಗೆ 2,500. ಪ್ರವೇಶಕ್ಕೆ ಬೇಕಾದ ಪರೀಕ್ಷೆಯಲ್ಲಿ ಶೇಕಡಾ 60 ಅಂಕ ಇರಬೇಕು. ಎಂಜಿನಿಯರಿಂಗ್, ವೈದ್ಯಕೀಯ, ಫಾರ್ಮಸಿ, ಬಿ.ಎಡ್., ಬಿಬಿಎ, ಬಿಸಿಎಯಂಥ ವೃತ್ತಿಪರ ಕೋರ್ಸುಗಳಿಗೆ ಇದು ಸಲ್ಲುತ್ತದೆ. ಅರ್ಜಿಯನ್ನು ಮೊದಲ ವರ್ಷದಲ್ಲೇ ಹಾಕಬೇಕು. ಎರಡನೆಯ ವರ್ಷದಲ್ಲಿ ಎಚ್ಚೆತ್ತವರಿಗೆ ಸಾಮಾನ್ಯವಾಗಿ ಅವಕಾಶವಿಲ್ಲ.

ಹಾಗಾದರೆ ಮುಂಬೈಯಲ್ಲಿ ಮನೆಮನೆಯ ಆಯ್ಕೆಯಾದ ಬಿ.ಕಾಂ. ಓದುವ ಮಗುವಿಗೆ? ಅಲ್ಲಿಗೆ ಎರಡನೆಯ ನೆರವು ಬರುತ್ತದೆ: ರಕ್ಷಣಾ ಸಚಿವರ ವಿವೇಚನಾ ನಿಧಿಯ ಶಿಕ್ಷಣ ಅನುದಾನ. ಹವಾಲ್ದಾರ್ ಅಥವಾ ಅದಕ್ಕೆ ಸಮನಾದ ದರ್ಜೆಯವರೆಗಿನ ಮಾಜಿ ಸೈನಿಕರ ಇಬ್ಬರು ಮಕ್ಕಳಿಗೆ ಒಂದನೆಯ ತರಗತಿಯಿಂದ ಪದವಿಯವರೆಗೆ ಇದು ದೊರೆಯುತ್ತದೆ. ಸೈನಿಕರ ವಿಧವೆ ಎರಡು ವರ್ಷದ ಸ್ನಾತಕೋತ್ತರ ಪದವಿ ಓದುವುದಾದರೆ ಅವರಿಗೂ ಉಂಟು. ತಿಂಗಳಿಗೆ 1,000 ಇದ್ದದ್ದು, 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ 2,000 ರೂಪಾಯಿ ಆಗಿದೆ. ಇದರ ಹಣ ಬರುವುದು ಡಿಸೆಂಬರ್ 7ರ ಧ್ವಜ ದಿನದಂದು ನಾವೆಲ್ಲ ಕೊಡುವ ದೇಣಿಗೆ ಸೇರುವ ನಿಧಿಯಿಂದ. ಆ ದಿನ ಡಬ್ಬಿಗೆ ಹಾಕುವ ಹತ್ತು ರೂಪಾಯಿಯೂ ಒಬ್ಬ ಹುಡುಗಿಯ ಓದಿಗೆ ಒದಗುತ್ತದೆ.

ಯುದ್ಧದಲ್ಲಿ ಮಡಿದ ಅಥವಾ ಅಂಗವಿಕಲರಾದ ಯೋಧರ ಮಕ್ಕಳಿಗೆ ಬೋಧನಾ ಶುಲ್ಕ ಭರಿಸುವ ಪ್ರತ್ಯೇಕ ಯೋಜನೆ 1972ರಿಂದಲೂ ಇದೆ. ಅದಕ್ಕೆ ನಡುವೆ ಹಾಕಿದ್ದ ತಿಂಗಳಿಗೆ 10,000 ರೂಪಾಯಿಯ ಮಿತಿಯನ್ನು 2018ರಲ್ಲಿ ತೆಗೆದುಹಾಕಲಾಯಿತು.

ಯಾವ ರಾಜ್ಯದವರು?

ಮುಂಬೈ ಕನ್ನಡಿಗರು ಎಡವುವುದು ಇಲ್ಲಿ. ಮೇಲಿನವು ಕೇಂದ್ರದ ಯೋಜನೆಗಳು. ಊರು ಬೆಳಗಾವಿಯಾದರೂ ಕೊಡಗಾದರೂ ಅಡ್ಡಿಯಿಲ್ಲ. ರಾಜ್ಯದ ಸವಲತ್ತುಗಳ ರೀತಿ ಬೇರೆ. ಎಂಜಿನಿಯರಿಂಗ್ ಪ್ರವೇಶದಲ್ಲಿ ಮಹಾರಾಷ್ಟ್ರ ಶೇಕಡಾ 5ರ ಡಿಫೆನ್ಸ್ ಕೋಟಾ ಇಟ್ಟಿದೆ. ಮಾಜಿ ಸೈನಿಕರ ಮಕ್ಕಳಿಗೆ ಅದು ಸಿಗಲು ತಂದೆಯ ಬಳಿ ಮಹಾರಾಷ್ಟ್ರದ ಡೊಮಿಸೈಲ್ ಪತ್ರವಿರಬೇಕು. ಆ ಪತ್ರಕ್ಕೆ ಸಾಮಾನ್ಯವಾಗಿ 15 ವರ್ಷದ ವಾಸ ತೋರಿಸಬೇಕು. ಊರಲ್ಲಿ ನೆಲೆಸುವುದೋ ಇಲ್ಲಿಯೋ ಎಂಬುದನ್ನು ಮಗುವಿನ ಪ್ರವೇಶದ ವರ್ಷಕ್ಕೆ ಮುಂಚೆಯೇ ತೀರ್ಮಾನಿಸಿ, ಸೈನಿಕ ಕಲ್ಯಾಣ ಕಚೇರಿಯ ನೋಂದಣಿಯನ್ನೂ ಆ ಜಿಲ್ಲೆಗೆ ವರ್ಗಾಯಿಸಿಕೊಳ್ಳಬೇಕು.

ಸೈನಿಕನ ಸ್ವಂತ ಪದವಿ

ಸೇನೆಯ ತರಬೇತಿಯನ್ನೇ ಓದೆಂದು ಎಣಿಸಿ ಪದವಿ ಕೊಡುವ ಏರ್ಪಾಡನ್ನು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಮೂರೂ ಪಡೆಗಳೊಂದಿಗೆ ಮಾಡಿಕೊಂಡಿದೆ. 2022ರಲ್ಲಿ ಅಗ್ನಿವೀರರಿಗೆಂದು ಪ್ರಕಟವಾದ ಮೂರು ವರ್ಷದ ಪದವಿಯಲ್ಲಿ ಅರ್ಧ ಕ್ರೆಡಿಟ್ ಸೇವೆಯೊಳಗಿನ ತರಬೇತಿಯಿಂದಲೇ ಬರುತ್ತದೆ. ಸೇನೆ ಬಿಡುವವರನ್ನು ಹೊಸ ಉದ್ಯೋಗಕ್ಕೆ ಸಿದ್ಧಗೊಳಿಸುವ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ ಕೋರ್ಸುಗಳಲ್ಲಿ ಜವಾನರ ಶುಲ್ಕವನ್ನು ಪೂರ್ತಿ ನಿರ್ದೇಶನಾಲಯವೇ ಕಟ್ಟುತ್ತದೆ; ಅಧಿಕಾರಿಗಳು ಶೇಕಡಾ 40 ಕೊಡಬೇಕು.

ಒಂದು ಎಚ್ಚರಿಕೆ. ಹತ್ತನೆಯ ತರಗತಿ ಪಾಸಾಗಿ 15 ವರ್ಷ ಸೇವೆ ಮಾಡಿದವರು ಪದವಿ ಬೇಡುವ ಕೇಂದ್ರದ ‘ಸಿ’ ಗುಂಪಿನ ಮೀಸಲು ಹುದ್ದೆಗಳಿಗೆ ಅರ್ಹರು. ಆದರೆ ಅದು ನೌಕರಿಗೆ ಮಾತ್ರ. ಎಂ.ಎ. ಓದಲು ನಿಜವಾದ ಪದವಿಯೇ ಬೇಕು. ಅದಿಲ್ಲದವರಿಗೆ ಇಗ್ನೋ ಇದೆ, ನಾಸಿಕ್‌ನ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯವಿದೆ, ಮುಂಬೈ ವಿಶ್ವವಿದ್ಯಾಲಯದ ದೂರಶಿಕ್ಷಣವೂ ಇದೆ.

ಕಾಗದಪತ್ರ

ಅರ್ಜಿಯನ್ನು ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ ತುಂಬಬೇಕು; ಮೂಲಪತ್ರಗಳನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ ಪರಿಶೀಲಿಸುತ್ತದೆ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಮಾಜಿ ಸೈನಿಕ ಗುರುತಿನ ಚೀಟಿ, ಅಂಕಪಟ್ಟಿ, ಕಾಲೇಜಿನ ಬೋನಾಫೈಡ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಮಗುವಿನ ಹೆಸರು, ಹುಟ್ಟಿದ ದಿನ ಸೇವಾ ದಾಖಲೆಯಲ್ಲೂ ಅಂಕಪಟ್ಟಿಯಲ್ಲೂ ಒಂದೇ ಇರಬೇಕು. ಒಂದಕ್ಷರ ಬದಲಾದರೂ ಕಡತ ರೆಕಾರ್ಡ್ ಆಫೀಸಿಗೆ ಅಲೆಯುತ್ತದೆ. ಮರಾಠಾ ಲಘು ಪದಾತಿ ದಳದವರಿಗೆ ಅದು ಬೆಳಗಾವಿಯಲ್ಲಿದೆ, ನಾವಿಕರಿಗೆ ಇಲ್ಲೇ ಮಾನ್‌ಖುರ್ದ್‌ನಲ್ಲಿ. ಸೇವೆಯಲ್ಲಿರುವಾಗ ಈ ತಿದ್ದುಪಡಿ ಘಟಕದ ಕಚೇರಿಯಲ್ಲೇ ಆಗಿಬಿಡುತ್ತದೆ. ಆದ್ದರಿಂದ ನಿವೃತ್ತಿಗೆ ಒಂದು ವರ್ಷ ಇರುವಾಗಲೇ ಮಕ್ಕಳ ಹೆಸರುಗಳನ್ನು ತಾಳೆ ನೋಡಿ. ಗಂಡ ಗಡಿಯಲ್ಲಿದ್ದರೆ ಮನೆಯಲ್ಲಿರುವ ಹೆಂಡತಿ ಈ ಪಟ್ಟಿ ಹಿಡಿದು ಕೇಳಲಿ. ಈ ನೆರವು ಸೇವೆಯಿಂದ ಗಳಿಸಿದ ಹಕ್ಕು. ಕೇಳಿ ಪಡೆಯಲು ಸಂಕೋಚ ಬೇಡ.